ಬೋರಿವಲಿಯ ಕಾಡು ಯಾರದು? ಮುಂಬಯಿ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಬೋರಿವಲಿ, ದಹಿಸರ್, ಮುಲುಂಡ್, ಠಾಣೆಗಳ ಕನ್ನಡಿಗರ ಒಂದು ಚಿಕ್ಕ ಬಳಗವನ್ನು ಭಾನುವಾರಗಳಂದು ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೆ ಕರೆದೊಯ್ಯುವ ಕೆಲಸ ನನ್ನ ಪಾಲಿಗೆ ಬಂದು ಕೆಲವು ವರ್ಷಗಳಾದವು. ಹೊಸಬರು ಸೇರಿದಾಗಲೆಲ್ಲ ಮುಖ್ಯದ್ವಾರದಿಂದ ಕಾನ್ಹೇರಿ ಗುಹೆಗಳವರೆಗಿನ ದಾರಿಯಲ್ಲಿ ಅವೇ ಪ್ರಶ್ನೆಗಳು ಎದುರಾಗುವುದರಿಂದ, ಉತ್ತರಗಳನ್ನು ಒಂದೆಡೆ ಬರೆದಿಡುವುದು ಒಳ್ಳೆಯದೆನ್ನಿಸಿತು. ನಾನು ಅರಣ್ಯ ಇಲಾಖೆಯವನಲ್ಲ, ವಕೀಲನೂ ಅಲ್ಲ. ನಡೆಯುತ್ತ ಕಂಡದ್ದು, ಕಾಯ್ದೆಗಳನ್ನು ಓದಿ ತಿಳಿದದ್ದು ಇಷ್ಟನ್ನೇ ಇಲ್ಲಿ ಬರೆದಿದ್ದೇನೆ.

ಇದು ಸಾರ್ವಜನಿಕ ಜಾಗವಲ್ಲವೇ? ಹಾಗಿದ್ದರೆ ಒಳಗೆ ಹೋಗಲು ಟಿಕೆಟ್ ಏಕೆ, ಸೋಮವಾರ ಬಾಗಿಲು ಹಾಕುವುದೇಕೆ?

ಜಾಗ ಸಾರ್ವಜನಿಕರದ್ದೇ. ಆದರೆ ಸಾರ್ವಜನಿಕ ಎಂಬ ಮಾತಿಗೆ ಯಾರು ಬೇಕಾದರೂ ಏನು ಬೇಕಾದರೂ ಮಾಡಬಹುದೆಂಬ ಅರ್ಥ ನಮ್ಮ ಊರುಗಳಲ್ಲೂ ಇರಲಿಲ್ಲ. ದಕ್ಷಿಣ ಕನ್ನಡದಿಂದ ಬಂದವರಿಗೆ ಕುಮ್ಕಿಯ ಉದಾಹರಣೆ ಕೊಟ್ಟರೆ ಬೇಗ ತಿಳಿಯುತ್ತದೆ. ಕುಮ್ಕಿ ಜಾಗದ ಒಡೆತನ ಸರ್ಕಾರದ್ದು. ಪಕ್ಕದ ವರ್ಗ (ಪಟ್ಟಾ) ಜಮೀನಿನವನಿಗೆ ಅಲ್ಲಿಂದ ಸೊಪ್ಪು, ಕಟ್ಟಿಗೆ ತರುವ ಸೌಲಭ್ಯವುಂಟೇ ಹೊರತು ಮಾರುವ ಹಕ್ಕಿಲ್ಲ. ಉತ್ತರ ಕನ್ನಡದ ಸೊಪ್ಪಿನ ಬೆಟ್ಟ, ಬಯಲುಸೀಮೆಯ ಗೋಮಾಳ, ಕೊಡಗಿನ ದೇವರ ಕಾಡು, ಇವೆಲ್ಲವೂ ಒಡೆತನ ಒಬ್ಬರದು, ಬಳಕೆ ಇನ್ನೊಬ್ಬರದು, ಆ ಬಳಕೆಗೂ ಒಂದು ಮಿತಿ ಎಂಬ ತಿಳಿವಳಿಕೆಯ ಮೇಲೆ ನಡೆದುಬಂದವು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ರಾಷ್ಟ್ರೀಯ ಉದ್ಯಾನಕ್ಕೆ ಹಾಕುವ ಮಿತಿ ಇವೆಲ್ಲಕ್ಕಿಂತ ಬಿಗಿಯಾದದ್ದು. ಅಭಯಾರಣ್ಯದಲ್ಲಿ ಕೆಲವೊಮ್ಮೆ ದನ ಮೇಯಿಸಲು ಅವಕಾಶ ಸಿಗಬಹುದು, ರಾಷ್ಟ್ರೀಯ ಉದ್ಯಾನದಲ್ಲಿ ಅದೂ ಇಲ್ಲ. ನೋಡಲು, ಓಡಾಡಲು ಬರುವವರು ಪರವಾನಗಿ ಪಡೆದೇ ಬರಬೇಕು. ನಿಮ್ಮ ಕೈಯಲ್ಲಿರುವ ಟಿಕೆಟ್ ಆ ಪರವಾನಗಿ. ಈ ಕಾಡಿನ ಮೇಲೆ ಹಕ್ಕಿರುವವರ ಸಾಲಿನಲ್ಲಿ ಮೊದಲು ನಿಲ್ಲುವುದು ಕಾಡುಪ್ರಾಣಿ ಮತ್ತು ನೀರು, ಆಮೇಲೆ ತಲೆಮಾರುಗಳಿಂದ ಒಳಗೆ ಬದುಕುತ್ತಿರುವ ಜನ, ಕೊನೆಯಲ್ಲಿ ನಾವು. ಸಾಲಿನ ಕೊನೆಯಲ್ಲಿರುವ ನಮ್ಮ ದನಿಯೇ ಎಲ್ಲರದಕ್ಕಿಂತ ಜೋರಾಗಿರುವುದು ಬೇರೆ ವಿಷಯ. ಇನ್ನು ಸೋಮವಾರ, ವಾರಕ್ಕೊಂದು ದಿನವಾದರೂ ಕಾಡು ನಮ್ಮ ಸದ್ದಿಲ್ಲದೆ ಇರಲಿ ಬಿಡಿ.

ಕಾಡು ಒಟ್ಟು ಎಷ್ಟಿದೆ? ಯಾರ ಅಧೀನದಲ್ಲಿದೆ?

ರಾಷ್ಟ್ರೀಯ ಉದ್ಯಾನದ ವಿಸ್ತಾರ ಸುಮಾರು 104 ಚದರ ಕಿಲೋಮೀಟರ್. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಠಾಣೆ ಜಿಲ್ಲೆಗೆ, ಉಳಿದದ್ದು ಮುಂಬಯಿ ಉಪನಗರ ಜಿಲ್ಲೆಗೆ ಸೇರುತ್ತದೆ. ಉದ್ಯಾನ ಮಹಾರಾಷ್ಟ್ರ ಅರಣ್ಯ ಇಲಾಖೆಯದು. ಆದರೆ ಅದರ ನಡುವಿನ ತುಳಸಿ ಮತ್ತು ವಿಹಾರ ಕೆರೆಗಳನ್ನು ನೋಡಿಕೊಳ್ಳುವುದು ಮಹಾನಗರ ಪಾಲಿಕೆ. ಬಸಾಲ್ಟ್ ಬಂಡೆಯಲ್ಲಿ ಕೊರೆದ ಕಾನ್ಹೇರಿಯ ನೂರಕ್ಕೂ ಹೆಚ್ಚು ಬೌದ್ಧ ಗುಹೆಗಳು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ವಶದಲ್ಲಿರುವುದರಿಂದ, ಒಂದೇ ಬೆಟ್ಟ ಹತ್ತಲು ಎರಡು ಕಡೆ ಟಿಕೆಟ್ ತೆಗೆಸಬೇಕಾಗುತ್ತದೆ. ದಕ್ಷಿಣಕ್ಕೆ ತಾಗಿಕೊಂಡಿರುವ ಆರೆ ಕಾಲೊನಿ ಹೈನುಗಾರಿಕೆ ಇಲಾಖೆಯದು, ಅದರ ಪಕ್ಕದಲ್ಲಿ ಸಿನಿಮಾ ಚಿತ್ರೀಕರಣದ ದಾದಾಸಾಹೇಬ್ ಫಾಳ್ಕೆ ಚಿತ್ರನಗರಿ. ಚಿರತೆಗೆ ಇದೆಲ್ಲವೂ ಒಂದೇ ಕಾಡು, ಕಡತಗಳಲ್ಲಿ ಮಾತ್ರ ಅದು ಹಲವು ಯಜಮಾನರ ಆಸ್ತಿ. ಈ ನೆಲದ ಬಗೆಗಿನ ಜಗಳಗಳು ಹೆಚ್ಚಾಗಿ ಹುಟ್ಟುವುದು ಇಂಥ ಗಡಿಗಳಲ್ಲೇ.

ನಡೆದಾಡಲು ಎಲ್ಲೆಲ್ಲಿಗೆ ಹೋಗಬಹುದು?

ಬೋರಿವಲಿ ದ್ವಾರದ ಒಳಗಿನ ಭಾಗವನ್ನು ಕೃಷ್ಣಗಿರಿ ಉಪವನ ಎನ್ನುತ್ತಾರೆ. ಬೆಳಗಿನ ವಾಕಿಂಗ್, ಸಫಾರಿ, ಮಕ್ಕಳ ಆಟ ಎಲ್ಲವನ್ನೂ ಈ ಭಾಗಕ್ಕೆ ಸೀಮಿತಗೊಳಿಸಿರುವುದು ಉದ್ದೇಶಪೂರ್ವಕವಾಗಿಯೇ. ಜನದಟ್ಟಣೆಯನ್ನು ಒಂದು ಅಂಚಿನಲ್ಲಿ ಹಿಡಿದಿಟ್ಟರೆ ಒಳಗಾಡು ತನ್ನಷ್ಟಕ್ಕೆ ಇರುತ್ತದೆ. ‘ವನರಾಣಿ’ ಪುಟಾಣಿ ರೈಲು 2021ರ ತೌಕ್ತೆ ಚಂಡಮಾರುತಕ್ಕೆ ಹಳಿ ಹಾಳಾಗಿ ಬಹಳ ಕಾಲ ನಿಂತಿದ್ದಾಗ ಮೊಮ್ಮಕ್ಕಳಿಗಿಂತ ಅಜ್ಜ ಅಜ್ಜಿಯರೇ ಹೆಚ್ಚು ಬೇಸರಪಟ್ಟುಕೊಂಡರು.

ಕಾನ್ಹೇರಿಯವರೆಗೆ ಡಾಂಬರು ರಸ್ತೆಯಿದೆ. ಶಿಲೋಂಡಾದಂಥ ಕಾಲುದಾರಿಗಳಿಗೆ ಇಲಾಖೆಯ ಅನುಮತಿ, ಮಾರ್ಗದರ್ಶಕರು ಎರಡೂ ಬೇಕು. ಅನುಮತಿಯಿಲ್ಲದೆ ಮುಲುಂಡ್ ಅಥವಾ ಠಾಣೆಯ ಯೇವೂರ್ ಕಡೆಯಿಂದ ನುಸುಳುವ ಗುಂಪುಗಳು ಮಳೆಗಾಲದಲ್ಲಿ ದಾರಿ ತಪ್ಪುವುದು ಹೊಸತೇನಲ್ಲ.

ಕಾರ್ತಿಕದ ವನಭೋಜನವನ್ನು ಒಳಗೆ ಮಾಡಬಹುದೇ?

ಒಲೆ ಹೊತ್ತಿಸುವಂತಿಲ್ಲ, ಧ್ವನಿವರ್ಧಕ ಹಚ್ಚುವಂತಿಲ್ಲ, ಪ್ಲಾಸ್ಟಿಕ್ ಒಯ್ಯುವಂತಿಲ್ಲ. ಬುತ್ತಿಯನ್ನು ಸ್ಟೀಲ್ ಡಬ್ಬಿಯಲ್ಲಿ ತಂದು ದ್ವಾರದ ಹತ್ತಿರದ ಭಾಗದಲ್ಲೇ ಕೂತು ಉಂಡು, ಎಲೆಯ ಚೂರನ್ನೂ ಬಿಡದೆ ಎದ್ದುಹೋಗುವುದಾದರೆ ಸರಿ. ನಮ್ಮ ಬಳಗದವರೇ ಒಮ್ಮೆ ಚಿತ್ರಾನ್ನ, ಬಾಳೆಹಣ್ಣು ತಂದು, ಎದುರಿಗೆ ಬಂದ ಮಂಗಕ್ಕೆ ಪಾಪವೆಂದು ಒಂದು ಹಣ್ಣು ಕೊಟ್ಟಾಗ, ಐದು ನಿಮಿಷದಲ್ಲಿ ಹದಿನೈದು ಮಂಗಗಳು ಸೇರಿ ಒಂದು ಮಗುವಿನ ಶಾಲೆಯ ಚೀಲವನ್ನೇ ಎಳೆದೊಯ್ದವು. ತಪ್ಪು ಮಂಗಗಳದ್ದಲ್ಲ.

ಚಿರತೆಗಳು ಎಷ್ಟಿವೆ? ಹಿಡಿದು ದೂರದ ಕಾಡಿಗೆ ಏಕೆ ಬಿಡುವುದಿಲ್ಲ?

ನನಗೆ ಅತಿ ಹೆಚ್ಚು ಸಲ ಎದುರಾಗುವ ಪ್ರಶ್ನೆ ಇದು. ಕ್ಯಾಮೆರಾ ಟ್ರ್ಯಾಪ್ ಇಟ್ಟು ಎಣಿಸಿದಾಗ 2015ರಲ್ಲಿ 35 ಚಿರತೆಗಳು, 2018ರಲ್ಲಿ 47 ಚಿರತೆಗಳು ಸಿಕ್ಕವು. ಪ್ರತಿಯೊಂದರ ಮೈಮೇಲಿನ ಮಚ್ಚೆಗಳ ವಿನ್ಯಾಸ ಬೇರೆ ಬೇರೆಯಾಗಿರುವುದರಿಂದ ಒಂದನ್ನೇ ಎರಡು ಸಲ ಎಣಿಸುವ ಪ್ರಮೇಯ ಬರುವುದಿಲ್ಲ. ಇಷ್ಟು ಚಿಕ್ಕ ಕಾಡಿನಲ್ಲಿ ಇಷ್ಟು ಚಿರತೆಗಳಿರುವುದು ಜಗತ್ತಿನಲ್ಲೇ ಅಪರೂಪ. ಒಳಗೆ ಚುಕ್ಕೆ ಜಿಂಕೆ, ಕಾಡುಹಂದಿಗಳೂ ಅಂಚಿನಲ್ಲಿ ನಾಯಿಗಳೂ ಬೇಕಾದಷ್ಟು ಸಿಗುವುದೇ ಇದಕ್ಕೆ ಕಾರಣ.

ಹಿಡಿದು ಬೇರೆಡೆ ಬಿಡುವ ಪ್ರಯೋಗ ಈಗಾಗಲೇ ನಡೆದು, ಅದರ ಬೆಲೆಯನ್ನು ಜನರೇ ತೆತ್ತಿದ್ದಾರೆ. 2004ರ ಜೂನ್ ತಿಂಗಳೊಂದರಲ್ಲೇ ಈ ಉದ್ಯಾನದ ಸುತ್ತಮುತ್ತ 10 ಜನ ಚಿರತೆಯ ದಾಳಿಗೆ ಬಲಿಯಾದರು. ಆ ವರ್ಷಗಳಲ್ಲಿ ಬೇರೆ ಕಡೆ ಬೋನಿಗೆ ಬಿದ್ದ ಚಿರತೆಗಳನ್ನು ತಂದು ಇಲ್ಲಿ ಬಿಡಲಾಗುತ್ತಿತ್ತು, ಇಲ್ಲಿ ಹಿಡಿದವುಗಳನ್ನೂ ಜಾಗ ಬದಲಿಸಿ ಬಿಡಲಾಗುತ್ತಿತ್ತು. ಪುಣೆ ಜಿಲ್ಲೆಯ ಜುನ್ನರ್‌ನಲ್ಲಿ ಅಧ್ಯಯನ ನಡೆಸಿದ ವಿದ್ಯಾ ಅತ್ರೇಯ ಅವರು ತೋರಿಸಿಕೊಟ್ಟದ್ದು ಇದನ್ನೇ: ತನ್ನ ನೆಲೆಯಿಂದ ಕಿತ್ತುಹಾಕಿದ ಚಿರತೆ ಗುರುತಿಲ್ಲದ ಊರಿನಲ್ಲಿ ಕಂಗಾಲಾಗಿ ಮನುಷ್ಯರ ಮೇಲೆರಗುವ ಸಂಭವ ಹೆಚ್ಚು, ಅದು ತೆರವು ಮಾಡಿದ ಜಾಗಕ್ಕೆ ಇನ್ನೊಂದು ಚಿರತೆ ಬಂದು ಸೇರುವುದೂ ಖಂಡಿತ. 2011ರಲ್ಲಿ ಅರಣ್ಯ ಇಲಾಖೆ, ಸಂಶೋಧಕರು, ನಗರದ ಸ್ವಯಂಸೇವಕರು ಒಟ್ಟಾಗಿ ಆರಂಭಿಸಿದ ‘ಮುಂಬಯಿಕರ್ಸ್ ಫಾರ್ ಎಸ್‌ಜಿಎನ್‌ಪಿ’ (ಎಸ್‌ಜಿಎನ್‌ಪಿ ಎಂದರೆ ಈ ಉದ್ಯಾನದ ಇಂಗ್ಲಿಷ್ ಹೆಸರಿನ ಹ್ರಸ್ವರೂಪ) ಎಂಬ ಯೋಜನೆ ಆ ಪದ್ಧತಿಯಿಂದ ಹೊರಬರಲು ನೆರವಾಯಿತು. ಗಾಯಗೊಂಡದ್ದು, ಬಾವಿಗೆ ಬಿದ್ದದ್ದು, ಮನುಷ್ಯರ ಮೇಲೆ ದಾಳಿ ಮಾಡಿದ್ದು ಖಚಿತವಾದದ್ದು, ಇಂಥವನ್ನು ಹಿಡಿಯುವುದುಂಟು. ಬರಿದೆ ಕಾಣಿಸಿಕೊಂಡಿತೆಂಬ ಕಾರಣಕ್ಕೆ ಬೋನು ಇಡುವುದು ತರವಲ್ಲ.

ಬಳಗದ ಒಬ್ಬರು ತಮ್ಮ ಸೊಸೈಟಿಯ ಸಿಸಿಟಿವಿ ದೃಶ್ಯವನ್ನು ನನಗೆ ತೋರಿಸಿದ್ದರು. ರಾತ್ರಿ ಮೂರು ದಾಟಿದ ಹೊತ್ತು. ಕಾವಲುಗಾರನ ಖಾಲಿ ಪ್ಲಾಸ್ಟಿಕ್ ಕುರ್ಚಿಯ ಪಕ್ಕದಿಂದ ಚಿರತೆ ಅವಸರವೇ ಇಲ್ಲದೆ ಹಾದು, ತುಂಬಿ ಚೆಲ್ಲಿದ ಕಸದ ಡಬ್ಬಿಗಳ ಹಿಂದೆ ಮಲಗಿದ್ದ ನಾಯಿಯನ್ನು ಕಚ್ಚಿಕೊಂಡು, ಸ್ಕೂಟರುಗಳ ನಡುವೆ ಬಾಲವೂ ತಾಗದಂತೆ ದಾರಿ ಮಾಡಿಕೊಂಡು ಗೋಡೆ ಹಾರಿತು. ಹದಿಮೂರು ಸೆಕೆಂಡಿನ ದೃಶ್ಯ. ಮರುದಿನ ಸಭೆಯಲ್ಲಿ ಎಲ್ಲರೂ ಬೋನಿನ ಬಗ್ಗೆ ಮಾತಾಡಿದರೇ ವಿನಾ ಕಸದ ಡಬ್ಬಿಯ ಮಾತು ಒಬ್ಬರ ಬಾಯಲ್ಲೂ ಬರಲಿಲ್ಲವಂತೆ. ಕಸ ನಾಯಿಯನ್ನು ಕರೆಯುತ್ತದೆ, ನಾಯಿ ಚಿರತೆಯನ್ನು ಕರೆಯುತ್ತದೆ. ಕಸ ತೆಗೆಯಿರಿ, ದೀಪ ಹಾಕಿಸಿ, ಕತ್ತಲಾದ ಮೇಲೆ ಮಕ್ಕಳನ್ನು ಒಂಟಿಯಾಗಿ ಬಿಡಬೇಡಿ. ಚಿರತೆ ಎಲ್ಲಾದರೂ ಸಿಕ್ಕಿಹಾಕಿಕೊಂಡಿದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ, ಜನ ಗುಂಪುಗೂಡದಂತೆ ನೋಡಿಕೊಳ್ಳಿ. ಮೊಬೈಲ್ ಹಿಡಿದು ಸುತ್ತುಗಟ್ಟುವ ಇನ್ನೂರು ಜನರೇ ಅಂಥ ಹೊತ್ತಿನಲ್ಲಿ ದೊಡ್ಡ ಅಪಾಯ.

ಕಾಡಿನೊಳಗೆ ಮನೆಗಳಿವೆಯಲ್ಲ, ಅವರೆಲ್ಲ ಒತ್ತುವರಿದಾರರೇ?

ಇದಕ್ಕೆ ಒಂದೇ ಮಾತಿನಲ್ಲಿ ಉತ್ತರ ಹೇಳುವವರನ್ನು ನಂಬಬೇಡಿ. ಒಳಗೆ ಎರಡು ಬಗೆಯ ವಸತಿಗಳಿದ್ದವು. ನಗರ ಬೆಳೆದಂತೆ ಉದ್ಯಾನದ ಅಂಚುಗಳಲ್ಲಿ ಎದ್ದ ಜೋಪಡಿಗಳು ಒಂದು ಬಗೆ. 1995ರಲ್ಲಿ ಬಾಂಬೆ ಎನ್ವಿರಾನ್ಮೆಂಟಲ್ ಆಕ್ಷನ್ ಗ್ರೂಪ್ ಸಲ್ಲಿಸಿದ ಅರ್ಜಿಯ ಮೇಲೆ 1997ರಲ್ಲಿ ಬಾಂಬೆ ಹೈಕೋರ್ಟ್ ಇವುಗಳ ತೆರವಿಗೆ ಆದೇಶಿಸಿ, ನಿಗದಿತ ದಿನಾಂಕಕ್ಕೆ ಮೊದಲು ಬಂದವರಿಗೆ ಬೇರೆ ಕಡೆ ಮನೆ ಕೊಡಬೇಕೆಂದಿತು. ಸಾವಿರಾರು ಕುಟುಂಬಗಳು ಚಾಂದಿವಲಿಯ ಕಟ್ಟಡಗಳಿಗೆ ಹೋದವು. ಎಲ್ಲರಿಗೂ ಮನೆ ಸಿಗಲಿಲ್ಲ, ಆ ವ್ಯಾಜ್ಯದ ಎಳೆಗಳು ಇನ್ನೂ ಮುಗಿದಿಲ್ಲ.

ಎರಡನೆಯದು ಆದಿವಾಸಿ ಪಾಡಾಗಳು, ಅಂದರೆ ಪುಟ್ಟ ಹಾಡಿಗಳು. ವಾರ್ಲಿ, ಮಲ್ಹಾರ್ ಕೋಳಿ, ಕೊಂಕಣಾ, ಕಾತ್ಕರಿ ಕುಟುಂಬಗಳು ಉದ್ಯಾನವೆಂಬ ಹೆಸರು ಈ ನೆಲಕ್ಕೆ ಬರುವ ಎಷ್ಟೋ ಮೊದಲಿನಿಂದ ಇಲ್ಲಿವೆ. ವಾರ್ಲಿಗಳು ಪೂಜಿಸುವ ವಾಘೋಬಾನ ಕಲ್ಲುಗಳು ಕಾಡಿನ ಅಲ್ಲಲ್ಲಿ ಕಾಣುತ್ತವೆ. ಸಿಂದೂರ ಬಳಿದ ಆ ಹುಲಿದೇವರ ಮುಂದೆ ನಿಂತ ತುಳುನಾಡಿನ ಹಿರಿಯರೊಬ್ಬರು ಚಪ್ಪಲಿ ಬಿಟ್ಟು ಕೈಮುಗಿದು, “ನಮ್ಮ ಪಿಲಿಚಾಮುಂಡಿಯ ಅಣ್ಣನೋ ತಮ್ಮನೋ ಇರಬೇಕು ಮಾರಾಯ್ರೆ” ಎಂದಿದ್ದು ನೆನಪಿದೆ. ದೀಪಾವಳಿಗೆ ಮುಂಚಿನ ವಾಘಬಾರಸದಂದು ಅಲ್ಲಿ ಪೂಜೆ ನಡೆಯುತ್ತದೆ. ಚಿರತೆಯೊಡನೆ ಬದುಕುವ ಕ್ರಮವನ್ನು ನಮಗೆ ಹೇಳಿಕೊಡಬೇಕಾದವರು ಇವರೇ ಎಂದು ನನಗನ್ನಿಸುತ್ತದೆ, ಆದರೆ ತರಬೇತಿ ಶಿಬಿರಗಳಲ್ಲಿ ಇವರನ್ನು ಕೇಳುಗರ ಸಾಲಿನಲ್ಲಿ ಕೂರಿಸುವುದೇ ಹೆಚ್ಚು.

2006ರ ಅರಣ್ಯ ಹಕ್ಕು ಕಾಯ್ದೆ ರಾಷ್ಟ್ರೀಯ ಉದ್ಯಾನಗಳಿಗೂ ಅನ್ವಯಿಸುತ್ತದೆ ಎಂಬುದು ಹಲವರಿಗೆ ತಿಳಿಯದು. 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಕಾಡಿನ ನೆಲದಲ್ಲಿ ಬದುಕುತ್ತಿರುವ ಪರಿಶಿಷ್ಟ ಪಂಗಡದವರ ಹಕ್ಕನ್ನು ಮೊದಲು ಗುರುತಿಸಬೇಕು. ವನ್ಯಜೀವಿಗಳಿಗಾಗಿ ಅವರನ್ನು ಸ್ಥಳಾಂತರಿಸುವುದು ಅನಿವಾರ್ಯವೆಂದು ಸಿದ್ಧವಾದರೂ ಗ್ರಾಮಸಭೆಯ ಲಿಖಿತ ಒಪ್ಪಿಗೆ ಬೇಕು. ಗ್ರಾಮಸಭೆಯೆಂಬುದು ಹಳ್ಳಿಯನ್ನು ಮನಸ್ಸಿನಲ್ಲಿಟ್ಟು ಬರೆದ ಮಾತಾದ್ದರಿಂದ, ಮಹಾನಗರ ಪಾಲಿಕೆಯ ವಾರ್ಡಿನೊಳಗೆ ಅದನ್ನು ಯಾರು, ಎಲ್ಲಿ ಕೂಡಿಸಬೇಕೆಂಬ ಜಿಜ್ಞಾಸೆಯಲ್ಲೇ ಕಾಲ ಕಳೆಯುತ್ತದೆ. ಅಷ್ಟರವರೆಗೆ ಪಾಡಾದ ಮನೆಗೆ ವಿದ್ಯುತ್ತು, ನಲ್ಲಿ, ಶೌಚಾಲಯ ಬೇಕೆಂದರೂ ಕಾನೂನಿನ ತೊಡಕು. ಊರಲ್ಲಿ ಪಹಣಿಗಾಗಿ ತಾಲ್ಲೂಕು ಕಚೇರಿ ಸುತ್ತಿದವರಿಗೆ ಈ ಸಂಕಟವನ್ನು ವಿವರಿಸಬೇಕಾಗಿಲ್ಲ.

ಬೇಸಿಗೆಯಲ್ಲಿ ಕಾನ್ಹೇರಿ ರಸ್ತೆಯ ಬದಿ ಆದಿವಾಸಿ ಹೆಂಗಸರು ಎಲೆಯ ದೊನ್ನೆಯಲ್ಲಿ ಕರವಂದ, ಅಂದರೆ ನಮ್ಮ ಕವಳೆ ಹಣ್ಣು, ಜೊತೆಗೆ ಸೀಳಿದ ಸೌತೆಕಾಯಿ, ಉಪ್ಪುಖಾರ ಹಚ್ಚಿದ ಮಾವಿನಕಾಯಿ ಇಟ್ಟುಕೊಂಡು ಕೂರುತ್ತಾರೆ. ಒಂದು ಕೈಯಲ್ಲಿ ಚಾಕು, ಇನ್ನೊಂದು ಕೈಯಲ್ಲಿ ಮಂಗ ಓಡಿಸುವ ಕೋಲು. ಚೌಕಾಸಿ ಮಾಡದೆ ಕೊಂಡುಕೊಳ್ಳಿ.

ಕಾಡಿನಿಂದ ನಗರಕ್ಕೆ ಆಗುವ ಪ್ರಯೋಜನವಾದರೂ ಏನು?

ಗಾಳಿ, ತಂಪು ಎಂದು ಎಲ್ಲರೂ ಹೇಳುತ್ತಾರೆ. ನಾನು ನೀರಿನಿಂದ ಆರಂಭಿಸುತ್ತೇನೆ. ವಿಹಾರ ಕೆರೆ 1860ರಲ್ಲಿ, ತುಳಸಿ 1879ರಲ್ಲಿ ಮುಂಬಯಿಗೆ ಕುಡಿಯುವ ನೀರಿಗೆಂದೇ ಆದವು. ನಗರಕ್ಕೆ ನೀರು ಕೊಡುವ ಏಳು ಜಲಾಶಯಗಳ ಒಟ್ಟು ಸಾಮರ್ಥ್ಯ ಇಂದು 14 ಲಕ್ಷ 47 ಸಾವಿರ ದಶಲಕ್ಷ ಲೀಟರ್‌ಗಳಷ್ಟಿದ್ದು, ಅದರಲ್ಲಿ ವಿಹಾರದ ಪಾಲು 27,698, ತುಳಸಿಯದು ಕೇವಲ 8,046 ದಶಲಕ್ಷ ಲೀಟರ್. ಲೆಕ್ಕದಲ್ಲಿ ಇದು ಚಿಲ್ಲರೆ. ಆದರೂ ಈ ಕೆರೆಗಳ ಸುತ್ತಲಿನ ಕಾಡನ್ನು ಜಲಾನಯನವೆಂದು ಕಾಪಾಡಿದ್ದರಿಂದಲೇ ಇಂದಿನ ಉದ್ಯಾನಕ್ಕೆ ನೆಲ ಉಳಿಯಿತು.

ದಹಿಸರ್ ನದಿ ತುಳಸಿ ಕೆರೆಯ ಬಳಿ ಹುಟ್ಟುತ್ತದೆ, ಮೀಠಿ ನದಿ ವಿಹಾರದ ಕೋಡಿಯಿಂದ ಹೊರಡುತ್ತದೆ. ಜುಲೈ ತಿಂಗಳ ಒಂದು ಬೆಳಿಗ್ಗೆ ಉದ್ಯಾನದೊಳಗಿನ ಸೇತುವೆಯ ಮೇಲೆ ನಿಂತು ನೋಡಿ. ದಹಿಸರ್ ನದಿಯ ತಳದ ಕಲ್ಲುಗಳನ್ನು ಒಂದೊಂದಾಗಿ ಎಣಿಸಬಹುದು. ಅಲ್ಲಿಂದ ಹೊರಗೆ ಬಂದು ನದಿಯ ಜಾಡು ಹಿಡಿದು ದಹಿಸರ್ ಕಡೆಗೆ ನಡೆದರೆ, ತಬೇಲಾಗಳ, ಅಂದರೆ ಎಮ್ಮೆ ಕೊಟ್ಟಿಗೆಗಳ, ಸೆಗಣಿನೀರು, ಬಟ್ಟೆ ತೊಳೆದ ನೊರೆ, ಚರಂಡಿ ಒಂದೊಂದಾಗಿ ಸೇರಿ ಅದೇ ನೀರು ಕಪ್ಪಗಾಗಿರುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಮೀಠಿ ನದಿ ಮಾಡಿದ ಅನಾಹುತವನ್ನು ಕಂಡವರು ನಮ್ಮಲ್ಲೇ ಅನೇಕರಿದ್ದಾರೆ. ಮೇಲ್ಭಾಗದಲ್ಲಿ ಕಾಡಿನ ಬದಲು ಕಾಂಕ್ರೀಟ್ ಇದ್ದಿದ್ದರೆ ಆ ನೀರು ಇನ್ನೆಷ್ಟು ಬೇಗ ಇಳಿದು ಬರುತ್ತಿತ್ತೆಂದು ಯೋಚಿಸಿ.

ಆರೆ ಕಾಡೋ ಅಲ್ಲವೋ?

ಮರ, ಚಿರತೆ, ಪಾಡಾ ಎಲ್ಲವೂ ಇರುವುದರಿಂದ ಕಣ್ಣಿಗೆ ಕಾಡೇ. ಕಾಗದದಲ್ಲಿ ಅದು ನಗರದ ತಬೇಲಾಗಳನ್ನು ಒಂದೆಡೆ ಸೇರಿಸಲು 1949ರಲ್ಲಿ ಸ್ಥಾಪಿಸಿದ ಹಾಲಿನ ಕಾಲೊನಿ. ಮೆಟ್ರೋ ರೈಲುಗಳನ್ನು ನಿಲ್ಲಿಸುವ ಕಾರ್ ಶೆಡ್ಡನ್ನು ಇಲ್ಲಿ ಕಟ್ಟುವ ವಿವಾದದ ತಿರುಳು ಇದೇ ಆಗಿತ್ತು. 2019ರ ಅಕ್ಟೋಬರ್ 4ರಂದು ಹೈಕೋರ್ಟ್ ಅರ್ಜಿಗಳನ್ನು ವಜಾ ಮಾಡಿದ ಕೆಲವೇ ಗಂಟೆಗಳಲ್ಲಿ, ರಾತ್ರಿಯಲ್ಲೇ ಮರ ಕಡಿಯುವ ಕೆಲಸ ಆರಂಭವಾಗಿ, ಸುಪ್ರೀಂ ಕೋರ್ಟ್ ಅಕ್ಟೋಬರ್ 7ರಂದು ತಡೆಯುವಷ್ಟರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮರಗಳು ಉರುಳಿದ್ದವು. 2020ರಲ್ಲಿ ಸರ್ಕಾರ ಆರೆಯ ಒಂದು ಭಾಗವನ್ನು ಮೀಸಲು ಅರಣ್ಯವಾಗಿಸುವ ನಿರ್ಧಾರ ಕೈಗೊಂಡು ಕಾರ್ ಶೆಡ್ಡನ್ನು ಬೇರೆಡೆಗೆ ಒಯ್ಯಲು ಹೊರಟಿತು, 2022ರಲ್ಲಿ ಬಂದ ಹೊಸ ಸರ್ಕಾರ ಅದನ್ನು ಮತ್ತೆ ಆರೆಗೇ ತಂದಿತು. ಮೆಟ್ರೋ ಬೇಡವೆಂದು ನಾನೂ ಹೇಳಲಾರೆ, ಲೋಕಲ್ ರೈಲಿನ ಬಾಗಿಲಲ್ಲಿ ನೇತಾಡಿಕೊಂಡು ಮೂವತ್ತು ವರ್ಷ ಕಳೆದವನು ಹಾಗೆ ಹೇಳುವುದು ಸಲ್ಲದು. ಆದರೆ ಒಂದು ನೆಲ ಕಾಡೋ ಅಲ್ಲವೋ ಎಂಬುದನ್ನು ಮರ ಕಡಿಯುವ ಹಿಂದಿನ ದಿನ ತೀರ್ಮಾನಿಸುವುದು ಸರಿಯಲ್ಲ.

ಸುರಂಗ ನೆಲದಡಿಯಲ್ಲೇ ಹೋಗುವಾಗ ಮೇಲಿನ ಕಾಡಿಗೆ ಏನಾಗುತ್ತದೆ?

ಠಾಣೆ ಮತ್ತು ಬೋರಿವಲಿಯನ್ನು ಜೋಡಿಸುವ ಸುಮಾರು 11.8 ಕಿಲೋಮೀಟರ್ ಉದ್ದದ ಅವಳಿ ಸುರಂಗ ಮಾರ್ಗಕ್ಕೆ 2024ರ ಜುಲೈನಲ್ಲಿ ಶಂಕುಸ್ಥಾಪನೆಯಾಯಿತು. ಗೋರೆಗಾಂವ್ ಮುಲುಂಡ್ ರಸ್ತೆಯೂ ಒಂದಷ್ಟು ದೂರ ಉದ್ಯಾನದ ಕೆಳಗೆ ಸಾಗಲಿದೆ. ಬೆಟ್ಟ ಕಡಿದು ರಸ್ತೆ ಮಾಡುವುದಕ್ಕಿಂತ ಸುರಂಗ ಎಷ್ಟೋ ಮೇಲು. ಗಮನಿಸಬೇಕಾದ್ದು ಎರಡು ತುದಿಗಳನ್ನು: ಅಗೆದ ಕಲ್ಲುಮಣ್ಣನ್ನು ಎಲ್ಲಿಗೆ ಸಾಗಿಸುತ್ತಾರೆ, ಬಾಯಿಯ ಬಳಿ ಎಷ್ಟು ಮರ ಹೋಗುತ್ತದೆ, ಅಂತರ್ಜಲದ ಒರತೆಗಳ ಮೇಲೆ ಕಣ್ಣಿಡುವವರು ಯಾರು ಎಂಬುದನ್ನು.

ನಮ್ಮ ಕಟ್ಟಡ ಉದ್ಯಾನದ ಗೋಡೆಗೆ ಹತ್ತಿರದಲ್ಲಿದೆ. ಪರಿಸರ ಸೂಕ್ಷ್ಮ ವಲಯವೆಂದರೆ ಮನೆ ರಿಪೇರಿಗೂ ಅಡ್ಡಿಯೇ?

ಅಲ್ಲ. 2016ರ ಡಿಸೆಂಬರ್‌ನ ಅಧಿಸೂಚನೆ ಉದ್ಯಾನದ ಸುತ್ತ 100 ಮೀಟರ್‌ನಿಂದ 4 ಕಿಲೋಮೀಟರ್‌ವರೆಗೆ, ಒಟ್ಟು 59.46 ಚದರ ಕಿಲೋಮೀಟರ್ ಪ್ರದೇಶವನ್ನು ಈ ವಲಯಕ್ಕೆ ಸೇರಿಸಿದೆ. ಇಲ್ಲಿ ಗಣಿ, ಕ್ವಾರಿ, ಮಾಲಿನ್ಯಕಾರಕ ಕೈಗಾರಿಕೆಗಳಿಗೆ ನಿಷೇಧವಿದ್ದು, ಹೊಸ ಕಟ್ಟಡಗಳಿಗೆ ನಿಯಂತ್ರಣವಿದೆ. ಇರುವ ಮನೆಯ ಸೋರುವ ಛಾವಣಿ ಸರಿಪಡಿಸಲು ಯಾರೂ ತಡೆಯುವುದಿಲ್ಲ.

ನಮ್ಮಂಥವರ ಮಾತಿಗೆ ಬೆಲೆಯಿದೆಯೇ? ಎಲ್ಲಿ ಹೇಳಬೇಕು?

ಇಂಥ ವಲಯಗಳ ಕರಡು ಅಧಿಸೂಚನೆ ಹೊರಟ ಮೇಲೆ ಆಕ್ಷೇಪ ಸಲ್ಲಿಸಲು 60 ದಿನ ಇರುತ್ತದೆ. ಮರ ಕಡಿಯುವ ಪ್ರಸ್ತಾಪಗಳಿಗೆ ಪಾಲಿಕೆಯ ವೃಕ್ಷ ಪ್ರಾಧಿಕಾರ ಆಕ್ಷೇಪ ಕರೆಯುತ್ತದೆ. ಕಡತ ಎಲ್ಲಿಗೆ ಬಂತೆಂದು ತಿಳಿಯಲು ಹತ್ತು ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಸಾಕು, 30 ದಿನಗಳಲ್ಲಿ ಉತ್ತರ ಬರಬೇಕು. ನಾನು ಒಮ್ಮೆ ಬೀದಿದೀಪಗಳ ಬಗ್ಗೆ ಹಾಕಿದ ಅರ್ಜಿ ಒಂದು ಕಚೇರಿಯಿಂದ ಇನ್ನೊಂದಕ್ಕೆ ಹೋಗಿ ನಾಲ್ಕು ತಿಂಗಳ ಬಳಿಕ “ನಮ್ಮ ವ್ಯಾಪ್ತಿಗೆ ಬರುವುದಿಲ್ಲ” ಎಂಬ ಉತ್ತರದೊಂದಿಗೆ ಮರಳಿತು. ಆ ಉತ್ತರದ ಪ್ರತಿಯನ್ನೇ ಲಗತ್ತಿಸಿ ಮೇಲ್ಮನವಿ ಹಾಕಿದ ಮೇಲೆ ದೀಪ ಬಂತು. ಅರ್ಜಿಯನ್ನು ಮರಾಠಿಯಲ್ಲಿ ಬರೆದರೆ ಕೆಲಸ ಬೇಗ ಆಗುತ್ತದೆಂಬುದು ನನ್ನ ಅನುಭವ. ಬಳಗದಲ್ಲಿ ಚೆನ್ನಾಗಿ ಮರಾಠಿ ಬರೆಯುವ ನಾಲ್ಕಾರು ಮಂದಿ ಇದ್ದೇವೆ, ಸಂಕೋಚಪಡದೆ ಕೇಳಿ.

ಕಾರ್ವಿ ಹೂ ಮತ್ತೆ ಯಾವಾಗ ಅರಳುತ್ತದೆ?

ಕಾರ್ವಿ ನಮ್ಮ ಮಲೆನಾಡಿನ ಗುರ್ಗಿಯ ಬಳಗದ ಗಿಡ, ಎಂಟು ವರ್ಷಕ್ಕೊಮ್ಮೆ ಗುಡ್ಡಕ್ಕೆ ಗುಡ್ಡವೇ ನೇರಳೆಯಾಗುವಂತೆ ಅರಳಿ, ಬೀಜ ಕಟ್ಟಿ ಸಾಯುತ್ತದೆ. ಇಲ್ಲಿ 2016ರಲ್ಲಿ ಅರಳಿತ್ತು, 2024ರಲ್ಲಿ ಅರಳಿತು, ಇನ್ನು 2032ರ ಮಳೆಗಾಲದ ಕೊನೆಗೆ ಕಾಯಬೇಕು. ಹೂವಿನ ಕಾಲದಲ್ಲಿ ಮಾರ್ಗದರ್ಶಕರೊಡನೆ ನಿಗದಿತ ಸಂಖ್ಯೆಯ ಜನರನ್ನಷ್ಟೇ ಬಿಡುವ ಕಾರಣ ಮುಂಚಿತವಾಗಿ ಹೆಸರು ಬರೆಸಬೇಕಾಗುತ್ತದೆ. ಉಳಿದ ವರ್ಷಗಳಲ್ಲಿ ಅದು ಆಳೆತ್ತರದ ಹಸಿರು ಪೊದೆ, ಹೆಚ್ಚಿನವರು ತಿರುಗಿಯೂ ನೋಡುವುದಿಲ್ಲ. ವಾರ್ಲಿಗಳು ಇದೇ ಕಾರ್ವಿಯ ಒಣಕಡ್ಡಿಗಳನ್ನು ಒತ್ತೊತ್ತಾಗಿ ಕಟ್ಟಿ, ಸೆಗಣಿ ಮಣ್ಣು ಮೆತ್ತಿ ಮನೆಯ ಗೋಡೆ ಎಬ್ಬಿಸುತ್ತಿದ್ದರು. ಅವರ ಬಿಳಿ ಚಿತ್ರಗಳು ಮೂಡಿದ್ದು ಅಂಥ ಗೋಡೆಗಳ ಮೇಲೆ. ರಾಷ್ಟ್ರೀಯ ಉದ್ಯಾನದೊಳಗೆ ಇಂದು ಆ ಕಡ್ಡಿಯನ್ನು ಕಡಿಯುವಂತಿಲ್ಲ. ಕಾನ್ಹೇರಿಗೆ ಹೋಗುವಾಗ ಎಡಬದಿಯ ಇಳಿಜಾರಿನಲ್ಲಿ ಒಂದು ಪೊದೆಯನ್ನು ತೋರಿಸುತ್ತೇನೆ, ಅದರ ಎಲೆಯನ್ನು ಬೆರಳಿನಿಂದ ಸವರಿ ನೋಡಿ, ಸಣ್ಣ ಉಪ್ಪುಕಾಗದದಂತೆ ತರಕಲಾಗಿರುತ್ತದೆ.